ಎಲೆಕ್ಟ್ರಿಕ್ ಪಿಕಪ್ ಮನೆಮಂದಿಯ ಗಾಡಿಯಾಗುತ್ತಾ? ಹಿಂದಿನ ಸೀಟಿನಿಂದ ಶುರುವಾಗುವ ಲೆಕ್ಕ

ಅಮೆರಿಕದಲ್ಲಿ ಪಿಕಪ್ ಟ್ರಕ್ಕನ್ನು ಬರೀ ಕೆಲಸದ ಗಾಡಿ ಅಂದುಕೊಂಡರೆ ಅರ್ಧ ಮಾತ್ರ ನಿಜ. ಮಕ್ಕಳನ್ನು ಶಾಲೆಗೆ ಬಿಡುವುದು, ವಾರದ ದಿನಸಿ ತರುವುದು, ರಜೆ ಬಂದರೆ ದೋಣಿ ಎಳೆದುಕೊಂಡು ಸರೋವರಕ್ಕೆ ಹೋಗುವುದು, ಎಷ್ಟೋ ಮನೆಗಳಲ್ಲಿ ಎಲ್ಲಕ್ಕೂ ಅದೊಂದೇ ಗಾಡಿ. ಫೋರ್ಡ್ ಕಂಪನಿಯ ಎಫ್-ಸೀರೀಸ್ ಒಂದೇ ವರ್ಷಕ್ಕೆ ಏಳು ಲಕ್ಷಕ್ಕೂ ಜಾಸ್ತಿ ಮಾರಾಟವಾಗುತ್ತದೆ. ಅದನ್ನು ಕೊಳ್ಳುವವರಲ್ಲಿ ಮನೆ-ಮಕ್ಕಳು ಇರುವವರೂ ಇದ್ದಾರೆ.

ಹಾಗಾಗಿ 2021ರ ಮೇ ತಿಂಗಳಲ್ಲಿ ಫೋರ್ಡ್ ತನ್ನ ಎಲೆಕ್ಟ್ರಿಕ್ ಪಿಕಪ್ ಎಫ್-150 ಲೈಟ್ನಿಂಗ್ ತೋರಿಸಿ, 39,974 ಡಾಲರಿನಿಂದ ಬೆಲೆ ಶುರು ಅಂದಾಗ ಜನ ಮುಗಿಬಿದ್ದರು. ಸುಮಾರು ಎರಡು ಲಕ್ಷ ಮಂದಿ ಮುಂಗಡ ಕಟ್ಟಿ ಹೆಸರು ಬರೆಸಿದರು. ಆದರೆ 2024ರಲ್ಲಿ ಮಾರಾಟವಾದದ್ದು 33,510 ಲೈಟ್ನಿಂಗ್. ಆ ಹೊತ್ತಿಗೆ ಮೊದಲು ಹೇಳಿದ ಬೆಲೆ ಎಲ್ಲೋ ಹಿಂದೆ ಉಳಿದಿತ್ತು. 2025ರ ಡಿಸೆಂಬರ್‌ನಲ್ಲಿ ಫೋರ್ಡ್, ಪೂರ್ತಿ ಬ್ಯಾಟರಿಯಲ್ಲೇ ಓಡುವ ಲೈಟ್ನಿಂಗ್ ಇನ್ನು ಮಾಡುವುದಿಲ್ಲ, ಮುಂದಿನದರಲ್ಲಿ ಬ್ಯಾಟರಿ ತುಂಬಿಸಲು ಒಂದು ಪೆಟ್ರೋಲ್ ಎಂಜಿನ್ ಇರುತ್ತದೆ ಎಂದು ಹೇಳಿತು. ಅದಕ್ಕೂ ಮೊದಲು, ಸೆಪ್ಟೆಂಬರ್‌ನಲ್ಲಿ, ರ್‍ಯಾಮ್ ಎಂಬ ಇನ್ನೊಂದು ಪಿಕಪ್ ಕಂಪನಿ ತನ್ನ ಪೂರ್ತಿ ಎಲೆಕ್ಟ್ರಿಕ್ ಪಿಕಪ್ ಯೋಜನೆಯನ್ನೇ ಕೈಬಿಟ್ಟಿತ್ತು. ಅದೇ ಸೆಪ್ಟೆಂಬರ್ 30ಕ್ಕೆ ಅಮೆರಿಕದ ಕೇಂದ್ರ ಸರ್ಕಾರ ಎಲೆಕ್ಟ್ರಿಕ್ ಗಾಡಿಗಳಿಗೆ ಕೊಡುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿಯೂ ಮುಗಿಯಿತು.

ಇದನ್ನೆಲ್ಲ ನೋಡಿದವರು "ಎಲೆಕ್ಟ್ರಿಕ್ ಪಿಕಪ್ ಸೋತಿತು" ಅಂತ ಬರೆದು ಮುಗಿಸುತ್ತಿದ್ದಾರೆ. ನನಗೆ ಅದು ಆತುರದ ಮಾತು ಅನಿಸುತ್ತದೆ. ಈಗಾಗಲೇ ರಸ್ತೆಯ ಮೇಲಿರುವ ಲೈಟ್ನಿಂಗ್, ರಿವಿಯನ್ ಕಂಪನಿಯ ಆರ್1ಟಿ, ಟೆಸ್ಲಾದ ಸೈಬರ್‌ಟ್ರಕ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಎಷ್ಟೋ ಕುಟುಂಬಗಳು ಈಗಲೇ ಇವನ್ನು ಗಂಭೀರವಾಗಿ ನೋಡುತ್ತಿವೆ. ಅವರಿಗೆ ಬೇಕಾದದ್ದು ಸರಿಯಾದ ಲೆಕ್ಕ. ಎಷ್ಟು ಸೆಕೆಂಡಿಗೆ 60 ಮೈಲಿ ವೇಗ, ಎಷ್ಟು ಸಾವಿರ ಪೌಂಡ್ ಎಳೆಯುತ್ತದೆ ಅನ್ನೋ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ಹಿಂದಿನ ಸೀಟಿನಲ್ಲಿ ಮಗು ಹೇಗೆ ಕೂರುತ್ತದೆ, ಗಾಡಿ ಗ್ಯಾರೇಜಿನ ಒಳಗೆ ಹೋಗುತ್ತಾ, ರಾತ್ರಿ ಮಳೆಯಲ್ಲಿ ದಿನಸಿ ಚೀಲ ಎಲ್ಲಿಡುವುದು, ಇವುಗಳ ಲೆಕ್ಕ ಹೇಳುವವರು ಕಡಿಮೆ. ಈ ಕಡೆಯಿಂದ ನೋಡಿದರೆ ನನಗೆ ಕಾಣುವುದು ಇಷ್ಟು: ಮನೆಮಂದಿಗೆ ಈ ಗಾಡಿಗಳಲ್ಲಿ ತೊಂದರೆ ಕೊಡುವುದು ಬ್ಯಾಟರಿಗಿಂತ ಹೆಚ್ಚಾಗಿ ಗಾತ್ರ ಮತ್ತು ತೂಕ. ಎಲೆಕ್ಟ್ರಿಕ್ ಆದದ್ದರಿಂದ ಸಿಕ್ಕ ಎರಡು ಅನುಕೂಲಗಳಂತೂ ಹಳೆಯ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲ.

ಹಿಂದಿನ ಸೀಟು

ಲೈಟ್ನಿಂಗ್‌ನ ಹಿಂದಿನ ಸೀಟಿನಲ್ಲಿ ಕಾಲು ಚಾಚಲು 43.6 ಇಂಚು ಜಾಗ. ರಿವಿಯನ್ ಆರ್1ಟಿಯಲ್ಲಿ 36.6 ಇಂಚು. ಕಾಗದದ ಮೇಲೆ ಏಳು ಇಂಚು ಏನು ಮಹಾ ಅನಿಸಬಹುದು. ಒಂದು ವರ್ಷದ ಮಗುವಿನ ಸೀಟು ಹಿಂದಕ್ಕೆ ಮುಖ ಮಾಡಿ ಕೂರಿಸಿ ನೋಡಿ, ಆಗ ಗೊತ್ತಾಗುತ್ತದೆ. ಆ ಸೀಟು ಓರೆಯಾಗಿ ಮಲಗಿದಂತೆ ಇರುತ್ತದೆ, ಮುಂದಿನ ಸೀಟಿನ ಬೆನ್ನಿಗೆ ತಾಗುವಷ್ಟು ಉದ್ದ. ಲೈಟ್ನಿಂಗ್‌ನಲ್ಲಿ ಆರಡಿ ಎತ್ತರದವರು ಮುಂದೆ ಆರಾಮಾಗಿ ಕೂತರೂ ಹಿಂದೆ ಜಾಗ ಉಳಿಯುತ್ತದೆ. ಆರ್1ಟಿಯಲ್ಲಿ ಮುಂದೆ ಕೂತವರು ಮಂಡಿ ಮಡಚಿಕೊಳ್ಳಬೇಕು. ಒಂದು ಸಣ್ಣ ಎಸ್‌ಯುವಿಯಲ್ಲಿ ಆಗುವ ಕಷ್ಟವೇ ಇಲ್ಲೂ ಆಗುತ್ತದೆ.

ಇನ್ನು ಮಕ್ಕಳ ಸೀಟನ್ನು ಮೇಲಿನಿಂದ ಬಿಗಿಯುವ ಪಟ್ಟಿಯ ವಿಷಯ. ಮುಂದಕ್ಕೆ ಮುಖ ಮಾಡಿದ ಮಕ್ಕಳ ಸೀಟಿನ ತಲೆಯ ಹತ್ತಿರದಿಂದ ಒಂದು ಪಟ್ಟಿ ಹೊರಡುತ್ತದೆ, ಅದನ್ನು ಗಾಡಿಯ ಕೊಂಡಿಗೆ ಸಿಕ್ಕಿಸಿ ಬಿಗಿಯಬೇಕು. ಅಪಘಾತದಲ್ಲಿ ಮಗುವಿನ ತಲೆ ಮುಂದಕ್ಕೆ ಹಾರದಂತೆ ತಡೆಯುವುದು ಅದೇ. ಕಾರುಗಳಲ್ಲಿ ಆ ಕೊಂಡಿ ಸೀಟಿನ ಹಿಂದೆ ಸುಲಭವಾಗಿ ಕೈಗೆ ಸಿಗುತ್ತದೆ. ಪಿಕಪ್ಪಿನಲ್ಲಿ ಹಿಂದಿನ ಸೀಟಿನ ಬೆನ್ನು ಕ್ಯಾಬಿನ್‌ನ ಹಿಂಗೋಡೆಗೆ ಒತ್ತಿಕೊಂಡಿರುತ್ತದೆ. ಅದಕ್ಕೇ ಬಹಳಷ್ಟು ಪಿಕಪ್ಪುಗಳಲ್ಲಿ ತಲೆದಿಂಬಿನ ಹಿಂದೆ ಬಟ್ಟೆಯ ಒಂದು ಕುಣಿಕೆ ಕೊಟ್ಟಿರುತ್ತಾರೆ. ಪಟ್ಟಿಯನ್ನು ಆ ಕುಣಿಕೆಯ ಒಳಗೆ ತೂರಿಸಿ, ಪಕ್ಕದ ಸೀಟಿನ ಕುಣಿಕೆಗೆ ಕೊಂಡಿ ಹಾಕಬೇಕು. ಮೂರು ಮಕ್ಕಳ ಸೀಟು ಒಟ್ಟಿಗೆ ಹಾಕುವ ಮನೆಯವರಿಗೆ ಇದು ನಿಜಕ್ಕೂ ತಲೆನೋವು. ಪಟ್ಟಿಗಳು ಒಂದರ ಮೇಲೊಂದು ಬಂದು, ಯಾವುದು ಬಿಗಿಯಾಗಿದೆ ಯಾವುದು ಸಡಿಲ ಅಂತ ತಿಳಿಯುವುದೇ ಕಷ್ಟ. ಕೊಳ್ಳುವ ಮೊದಲು ಮಕ್ಕಳ ಸೀಟು ತೆಗೆದುಕೊಂಡು ಹೋಗಿ ಅಲ್ಲೇ ಹಾಕಿ ನೋಡಬೇಕು. ಮಾರುವವರು ಬೇಡ ಅಂದರೆ ಆ ಗಾಡಿಯೇ ಬೇಡ.

ಸೈಬರ್‌ಟ್ರಕ್ ವಿಷಯದಲ್ಲಿ ನನಗೆ ಒಂದು ಸಂಗತಿ ಬಹಳ ಕಾಡುತ್ತದೆ. ಅದರ ಬಾಗಿಲುಗಳು ತೆರೆಯುವುದು ಕರೆಂಟಿನ ಗುಂಡಿಯಿಂದ. ಕರೆಂಟ್ ಹೋದರೆ ಹಿಂದಿನ ಬಾಗಿಲನ್ನು ಒಳಗಿನಿಂದ ತೆರೆಯಲು, ಬಾಗಿಲಿನ ಜೇಬಿನ ತಳದಲ್ಲಿರುವ ರಬ್ಬರ್ ಹಾಸು ಎತ್ತಿ, ಅದರ ಕೆಳಗಿನ ಕೇಬಲ್ ಎಳೆಯಬೇಕು. ಇದು ಕಂಪನಿಯ ಕೈಪಿಡಿಯಲ್ಲೇ ಇದೆ. ಗಾಬರಿಯಲ್ಲಿರುವ ಎಂಟು ವರ್ಷದ ಮಗುವಿಗೆ ಆ ಜೇಬಿನಲ್ಲಿ ಕ್ರೇಯಾನ್, ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣದ ಅಡಿಯಲ್ಲಿ ಆ ಹಾಸು ಸಿಗುತ್ತದಾ? ಡಿಕ್ಕಿ ಪರೀಕ್ಷೆಯಲ್ಲಿ ಸೈಬರ್‌ಟ್ರಕ್ ಒಳ್ಳೆಯ ಅಂಕ ಪಡೆದಿದೆ, ಅದು ನಿಜ. ಆದರೆ ಡಿಕ್ಕಿಯ ನಂತರ ಹೊರಗೆ ಬರುವುದೂ ಸುರಕ್ಷತೆಯ ಭಾಗವೇ. ಈ ಗಾಡಿ ಮನೆಯಲ್ಲಿದ್ದರೆ ಆ ಜೇಬು ಖಾಲಿ ಇಟ್ಟು, ಮಕ್ಕಳಿಗೆ ಆ ಕೇಬಲ್ ಎಳೆಯುವುದನ್ನು ಕೈಯಾರೆ ಮಾಡಿಸಿ ಕಲಿಸಬೇಕು.

ಹತ್ತಿ ಇಳಿಯುವ ಮಾತು ಬೇಗ ಹೇಳಿ ಮುಗಿಸುತ್ತೇನೆ. ರಿವಿಯನ್‌ಗೆ ಗಾಳಿಯ ಸಸ್ಪೆನ್ಷನ್ ಇದೆ, ನಿಂತಾಗ ಗಾಡಿ ತಗ್ಗುತ್ತದೆ. ಅಜ್ಜಿ-ತಾತ ಇರುವ ಮನೆಗೆ ಇದು ದೊಡ್ಡ ಉಪಕಾರ. ಲೈಟ್ನಿಂಗ್‌ನಲ್ಲಿ ಆ ಅನುಕೂಲ ಇಲ್ಲ, ಪಕ್ಕದ ಮೆಟ್ಟಿಲು ಹಾಕಿಸಿಕೊಳ್ಳಬೇಕು.

ಬಾನೆಟ್ಟಿನ ಕೆಳಗೆ ಸಾಮಾನಿನ ಜಾಗ

ಹಳೆಯ ಪಿಕಪ್ ಇಟ್ಟುಕೊಂಡ ಕುಟುಂಬಗಳ ದೊಡ್ಡ ದೂರು ಒಂದೇ. ಇಷ್ಟು ದೊಡ್ಡ ಗಾಡಿಯಲ್ಲಿ ಬೀಗ ಹಾಕಿ ನೆನೆಯದಂತೆ ಸಾಮಾನು ಇಡಲು ಜಾಗವೇ ಇಲ್ಲ. ಹಿಂದೆ ಸಾಮಾನು ಹೇರುವ ಜಾಗ, ಅಂದರೆ ಬೆಡ್, ತೆರೆದಿರುತ್ತದೆ. ಮಳೆ ಬಂದರೆ ನೆನೆಯುತ್ತದೆ, ತಿರುವಿನಲ್ಲಿ ಚೀಲಗಳು ಒಂದು ತುದಿಯಿಂದ ಇನ್ನೊಂದಕ್ಕೆ ಉರುಳುತ್ತವೆ, ನಿಲ್ಲಿಸಿ ಹೋದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಹಾಗಾಗಿ ಎಲ್ಲವೂ ಹಿಂದಿನ ಸೀಟಿಗೆ, ಮಕ್ಕಳ ಕಾಲ ಬುಡಕ್ಕೆ ಬರುತ್ತಿತ್ತು.

ಎಂಜಿನ್ ಹೋದದ್ದರಿಂದ ಈ ಸಮಸ್ಯೆ ಒಂದೇ ಏಟಿಗೆ ಬಗೆಹರಿಯಿತು. ಲೈಟ್ನಿಂಗ್‌ನ ಬಾನೆಟ್ಟಿನ ಕೆಳಗೆ 14.1 ಘನ ಅಡಿ, ಅಂದರೆ 400 ಲೀಟರ್ ಜಾಗ. ಜನ ಇದನ್ನು ಫ್ರಂಕ್ ಅನ್ನುತ್ತಾರೆ. ಬಾನೆಟ್ಟಿನ ಜೊತೆಗೆ ಮುಂದಿನ ಗ್ರಿಲ್ಲೂ ಮೇಲೇಳುತ್ತದೆ, ಹಾಗಾಗಿ ಭಾರದ ಚೀಲವನ್ನು ಎದೆಮಟ್ಟ ಎತ್ತಬೇಕಿಲ್ಲ. 400 ಪೌಂಡ್ ತೂಕ ತಡೆಯುತ್ತದೆ. ಒಳಗೆ ಪ್ಲಗ್ ಇದೆ. ತಳದಲ್ಲಿ ನೀರು ಹೋಗುವ ತೂತು ಇದೆ, ಕೆಸರು ಮೆತ್ತಿದ ಶೂ ಹಾಕಿ ಆಮೇಲೆ ತೊಳೆದುಬಿಡಬಹುದು. ವಾರದ ದಿನಸಿ ಪೂರ್ತಿ ಅಲ್ಲೇ ಹಿಡಿಸುತ್ತದೆ.

ರಿವಿಯನ್ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ತೆಗೆದುಕೊಂಡು ಹೋಗಿದೆ. ಮುಂದೆ ಸುಮಾರು 11 ಘನ ಅಡಿಯ ಫ್ರಂಕ್. ಜೊತೆಗೆ ಹಿಂದಿನ ಸೀಟಿಗೂ ಬೆಡ್ಡಿಗೂ ನಡುವೆ, ಗಾಡಿಯ ಈ ಬದಿಯಿಂದ ಆ ಬದಿಗೆ ಹಾಯುವ ಒಂದು ಸುರಂಗ. ಎರಡೂ ಕಡೆ ಬಾಗಿಲು. ಮಡಚಿದ ಸ್ಟ್ರಾಲರ್, ಕ್ರಿಕೆಟ್ ಬ್ಯಾಟು, ಟೆಂಟಿನ ಕೋಲು, ಉದ್ದುದ್ದ ಇರುವುದೆಲ್ಲ ಅದರೊಳಗೆ. ತೆರೆದ ಬಾಗಿಲಿನ ಮೇಲೆ ಮಗುವನ್ನು ಕೂರಿಸಿ ಶೂ ಹಾಕಬಹುದು. ಮನೆ ನಡೆಸುವವರ ದಿನವನ್ನು ನೋಡಿ ಮಾಡಿದ ಜಾಗ ಅಂತ ಅನಿಸುತ್ತದೆ.

ಸೈಬರ್‌ಟ್ರಕ್‌ನ ಫ್ರಂಕ್ ಚಿಕ್ಕದು, ಸುಮಾರು 7 ಘನ ಅಡಿ. ಆದರೆ ಆರಡಿ ಉದ್ದದ ಬೆಡ್ಡಿಗೆ ಮೋಟಾರಿನಿಂದ ಮುಚ್ಚುವ, ಬೀಗ ಬೀಳುವ ಮುಚ್ಚಳ ಜೊತೆಗೇ ಬರುತ್ತದೆ. ಮುಚ್ಚಿದಾಗ ಒಳಗಿನ ಕನ್ನಡಿಯಿಂದ ಹಿಂದೆ ಏನೂ ಕಾಣುವುದಿಲ್ಲ, ಕ್ಯಾಮೆರಾ ನಂಬಿಕೊಂಡು ಓಡಿಸಬೇಕು. ಶೆವರ್ಲೆ ಸಿಲ್ವರಾಡೊ ಇವಿಯ ವಿಶೇಷವೇ ಬೇರೆ. ಕ್ಯಾಬಿನ್‌ನ ಹಿಂಗೋಡೆ ಮಡಚುತ್ತದೆ, ಬೆಡ್ ಮತ್ತು ಹಿಂದಿನ ಸೀಟಿನ ಜಾಗ ಒಂದಾಗುತ್ತದೆ. ಹತ್ತಡಿಯ ಏಣಿಯನ್ನೂ ಮಲಗಿಸಬಹುದು. ಚೆನ್ನಾಗಿದೆ, ಆದರೆ ಆಗ ಮಕ್ಕಳು ಕೂರುವ ಸೀಟೇ ಮಡಚಿಹೋಗಿರುತ್ತದೆ ಅಲ್ವಾ? ಮನೆಮಂದಿಗೆ ಅದು ಅಪರೂಪಕ್ಕೆ ಒದಗುವ ಅನುಕೂಲ.

ಗ್ಯಾರೇಜ್ ಅಳೆದು ನೋಡಿ

ಲೈಟ್ನಿಂಗ್ ಉದ್ದ 232.7 ಇಂಚು, ಸುಮಾರು 19.4 ಅಡಿ. ಸಿಲ್ವರಾಡೊ ಇವಿಯೂ ಹೆಚ್ಚುಕಡಿಮೆ ಅಷ್ಟೇ. ಅಮೆರಿಕದ ಎಷ್ಟೋ ಮನೆಗಳಲ್ಲಿ ಗ್ಯಾರೇಜಿನ ಆಳವೇ 20 ಅಡಿ. ಹಿಂದೆ-ಮುಂದೆ ಎಲ್ಲ ಸೇರಿ ಉಳಿಯುವುದು ಏಳು ಇಂಚು ಅಷ್ಟೇ. ವಾಟರ್ ಹೀಟರ್, ಸೈಕಲ್, ಫ್ರೀಜರ್ ಅಲ್ಲಿದ್ದರೆ ಮುಗಿಯಿತು. ಚಾರ್ಜರ್ ಗ್ಯಾರೇಜಿನ ಒಳಗೆ, ಗಾಡಿ ಹೊರಗೆ ಚಳಿಯಲ್ಲಿ ಆಗುತ್ತದೆ. ಸೈಬರ್‌ಟ್ರಕ್ ಸುಮಾರು 18.6 ಅಡಿ, ಆರ್1ಟಿ ಸುಮಾರು 18.1 ಅಡಿ. ಲೈಟ್ನಿಂಗ್‌ಗಿಂತ ಆರ್1ಟಿ ಒಂದಡಿಗೂ ಜಾಸ್ತಿ ಗಿಡ್ಡ. ದಿನಾ ಶಾಲೆಯ ಮುಂದೆ, ಆಸ್ಪತ್ರೆಯ ಪಾರ್ಕಿಂಗ್ ಕಟ್ಟಡದಲ್ಲಿ ಗಾಡಿ ತಿರುಗಿಸುವವರಿಗೆ ಆ ಒಂದಡಿ ದೊಡ್ಡದು. ಸೈಬರ್‌ಟ್ರಕ್ಕಿಗೂ ಸಿಲ್ವರಾಡೊದ ಮೇಲ್ದರ್ಜೆಯ ಮಾದರಿಗಳಿಗೂ ಹಿಂದಿನ ಚಕ್ರಗಳು ತಿರುಗುವ ವ್ಯವಸ್ಥೆ ಇದೆ, ಇಕ್ಕಟ್ಟಿನಲ್ಲಿ ಅದು ಕೈಹಿಡಿಯುತ್ತದೆ.

ದೂರದ ಲೆಕ್ಕ

ಒಂದು ಸಲ ಬ್ಯಾಟರಿ ತುಂಬಿಸಿದರೆ ಎಷ್ಟು ಓಡುತ್ತದೆ ಅಂತ ಕಾಗದದ ಮೇಲೆ ಬರೆದ ದೂರ ನೋಡಿದರೆ ಚಿಂತೆ ಇಲ್ಲ ಅನಿಸುತ್ತದೆ. ದೊಡ್ಡ ಬ್ಯಾಟರಿಯ ಲೈಟ್ನಿಂಗ್‌ಗೆ 320 ಮೈಲಿ, ಸಣ್ಣದಕ್ಕೆ ಸುಮಾರು 230. ಸೈಬರ್‌ಟ್ರಕ್‌ಗೆ 300ರ ಮೇಲೆ. ರಿವಿಯನ್‌ನ ದೊಡ್ಡ ಬ್ಯಾಟರಿಗೆ 400ರ ಮೇಲೆ. ಸಿಲ್ವರಾಡೊದ ಅತಿ ದೊಡ್ಡ ಬ್ಯಾಟರಿಗೆ 450ರ ಮೇಲೆ. ಅಮೆರಿಕದವರು ದಿನಕ್ಕೆ ಓಡಿಸುವುದು ಸರಾಸರಿ 30 ಮೈಲಿಯ ಆಸುಪಾಸು. ದಿನನಿತ್ಯಕ್ಕೆ ಸಣ್ಣ ಬ್ಯಾಟರಿಯೂ ಧಾರಾಳ.

ತೊಂದರೆ ಬರುವುದು ಟ್ರೇಲರ್ ಕಟ್ಟಿದಾಗ. ಇದು ಯಾಕೆ ಅಂತ ತಿಳಿಯಲು ಒಂದು ಅಂಕಿ ಸಾಕು. ಅಮೆರಿಕದ ಪರಿಸರ ಸಂಸ್ಥೆಯಾದ ಇಪಿಎ ಲೆಕ್ಕದಲ್ಲಿ ಒಂದು ಗ್ಯಾಲನ್ ಪೆಟ್ರೋಲಿನಲ್ಲಿ 33.7 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಲೈಟ್ನಿಂಗ್‌ನ ದೊಡ್ಡ ಬ್ಯಾಟರಿ 131 ಯೂನಿಟ್. ಅಂದರೆ ನಾಲ್ಕು ಗ್ಯಾಲನ್ ಪೆಟ್ರೋಲಿಗೂ ಕಡಿಮೆ! ಪೆಟ್ರೋಲ್ ಪಿಕಪ್ಪಿನ ಟ್ಯಾಂಕಿನಲ್ಲಿ 20 ಗ್ಯಾಲನ್‌ಗೂ ಜಾಸ್ತಿ ಹಿಡಿಯುತ್ತದೆ. ಎಲೆಕ್ಟ್ರಿಕ್ ಮೋಟಾರು ಶಕ್ತಿಯನ್ನು ಬಿಸಿಯಾಗಿ ಪೋಲು ಮಾಡದೆ ಚಕ್ರಕ್ಕೆ ಕೊಡುವುದರಿಂದ ಆ ನಾಲ್ಕು ಗ್ಯಾಲನ್‌ನಲ್ಲೇ 320 ಮೈಲಿ ಬರುತ್ತದೆ. ಆದರೆ ಗೋಡೆಯಷ್ಟು ಅಗಲದ ಕ್ಯಾಂಪಿಂಗ್ ಟ್ರೇಲರ್ ಕಟ್ಟಿಕೊಂಡು 65 ಮೈಲಿ ವೇಗದಲ್ಲಿ ಗಾಳಿ ಸೀಳಿಕೊಂಡು ಹೋಗುವಾಗ ಬೇಕಾಗುವ ಶಕ್ತಿ ಬೇಕೇ ಬೇಕು. ಆಗ ಟ್ಯಾಂಕ್ ಎಷ್ಟು ಚಿಕ್ಕದು ಅನ್ನುವುದು ಬಯಲಾಗುತ್ತದೆ. ದೂರ ಅರ್ಧಕ್ಕೆ, ಕೆಲವೊಮ್ಮೆ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ಇಲ್ಲಿ ಟ್ರೇಲರಿನ ತೂಕಕ್ಕಿಂತ ಅದರ ಎತ್ತರ-ಅಗಲ ಜಾಸ್ತಿ ಕಾಡುತ್ತದೆ. ತಗ್ಗಾದ ದೋಣಿಯ ಟ್ರೇಲರ್ ಅಷ್ಟು ತಿನ್ನುವುದಿಲ್ಲ.

ಅರ್ಧ ಅಂದರೂ 160 ಮೈಲಿ ಅಂದುಕೊಳ್ಳಬೇಡಿ. ದಾರಿಯಲ್ಲಿ ಫಾಸ್ಟ್ ಚಾರ್ಜ್ ಮಾಡುವಾಗ 80 ಶೇಕಡಾ ಆದ ಮೇಲೆ ವೇಗ ತೀರಾ ಇಳಿಯುತ್ತದೆ, ಹಾಗಾಗಿ ಎಲ್ಲರೂ 10ರಿಂದ 80ರವರೆಗೆ ತುಂಬಿಸಿ ಹೊರಡುತ್ತಾರೆ. ಲೈಟ್ನಿಂಗ್‌ಗೆ ಇದಕ್ಕೆ ಸುಮಾರು 40 ನಿಮಿಷ. ಆ 70 ಶೇಕಡಾದಲ್ಲಿ ಟ್ರೇಲರ್ ಎಳೆದುಕೊಂಡು ಹೋಗುವುದು ನೂರು ಮೈಲಿಯ ಆಸುಪಾಸು. ಅಂದರೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಓಡಿಸಿ, ಮುಕ್ಕಾಲು ಗಂಟೆ ನಿಲ್ಲಬೇಕು. ಅದರ ಮೇಲೆ ಬಹಳಷ್ಟು ಚಾರ್ಜಿಂಗ್ ಜಾಗಗಳು ಮೂಗು ತೂರಿಸಿ ನಿಲ್ಲಿಸುವ ಪಾರ್ಕಿಂಗ್ ಥರ ಇವೆ, ಪೆಟ್ರೋಲ್ ಬಂಕಿನ ಹಾಗೆ ಹಾದುಹೋಗುವಂತೆ ಇಲ್ಲ. ಟ್ರೇಲರ್ ಬಿಚ್ಚಿ ಪಕ್ಕಕ್ಕಿಟ್ಟು, ಚಾರ್ಜ್ ಮಾಡಿ, ಮತ್ತೆ ಕಟ್ಟಬೇಕು. ಹಿಂದಿನ ಸೀಟಿನಲ್ಲಿ ಹಸಿದ ಮಕ್ಕಳನ್ನು ಕೂರಿಸಿಕೊಂಡು ದಿನಕ್ಕೆ ಮೂರು ಸಲ ಇದನ್ನು ಮಾಡುವುದು ಅಂದರೆ ರಜೆಯೇ ಬೇಡ ಅನಿಸುತ್ತದೆ. ವರ್ಷಕ್ಕೆ ಹಲವು ಸಲ ದೊಡ್ಡ ಕ್ಯಾಂಪಿಂಗ್ ಟ್ರೇಲರ್ ಎಳೆದುಕೊಂಡು 300 ಮೈಲಿ ಹೋಗುವ ಕುಟುಂಬಕ್ಕೆ ನಾನು ಈಗಿರುವ ಯಾವ ಪೂರ್ತಿ ಎಲೆಕ್ಟ್ರಿಕ್ ಪಿಕಪ್ಪನ್ನೂ ಹೇಳುವುದಿಲ್ಲ. ಸಿಲ್ವರಾಡೊ ಸ್ವಲ್ಪ ಹತ್ತಿರ ಬರುತ್ತದೆ. 200 ಯೂನಿಟ್‌ಗೂ ಜಾಸ್ತಿ ಬ್ಯಾಟರಿ, 350 ಕಿಲೋವ್ಯಾಟ್ ವೇಗದಲ್ಲಿ ಚಾರ್ಜ್ ಆಗುತ್ತದೆ. ಅದಕ್ಕೆ ತೆರುವ ಬೆಲೆ ತೂಕದಲ್ಲಿ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಚಳಿಯನ್ನೂ ಸೇರಿಸಿಕೊಳ್ಳಿ. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಎಲೆಕ್ಟ್ರಿಕ್ ಕಾರುಗಳನ್ನು ಪರೀಕ್ಷಿಸಿದಾಗ, 20 ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ಹೀಟರ್ ಹಾಕಿ ಓಡಿಸಿದರೆ ದೂರ ಸರಾಸರಿ 41 ಶೇಕಡಾ ಕಡಿಮೆಯಾಯಿತು. ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಬಿಸಿಯನ್ನೇ ಒಳಗೆ ಎಳೆದುಕೊಳ್ಳುವ ಹೀಟರ್, ಇರುವ ಗಾಡಿಗಳಲ್ಲಿ ಈ ನಷ್ಟ ಕಡಿಮೆ. ಲೈಟ್ನಿಂಗ್‌ಗೆ ಹೀಟ್ ಪಂಪ್ ಬಂದದ್ದು 2024ರ ಮಾದರಿಯಿಂದ. ರಿವಿಯನ್‌ಗೆ 2024ರ ಮಧ್ಯದಲ್ಲಿ ಬಂದ ಎರಡನೇ ತಲೆಮಾರಿನಿಂದ. ಮಿನ್ನೆಸೋಟ, ಮಿಶಿಗನ್ ಕಡೆ ಹಳೆಯದನ್ನು ಕೊಳ್ಳುವವರು ವರ್ಷ ನೋಡಿಯೇ ಕೊಳ್ಳಬೇಕು.

ಕರೆಂಟ್ ಖರ್ಚು, ಮನೆಯ ಪ್ಲಗ್

ಲೈಟ್ನಿಂಗ್ ಆಗಲಿ, ಮೊದಲ ಆರ್1ಟಿ ಆಗಲಿ, ನೂರು ಮೈಲಿಗೆ ಸುಮಾರು 48 ಯೂನಿಟ್ ಕುಡಿಯುತ್ತವೆ. ಟೆಸ್ಲಾ ಮಾಡೆಲ್ ವೈ 28ರ ಆಸುಪಾಸು. ಮೂರು ಸಾಲು ಸೀಟಿನ ಕಿಯಾ ಇವಿ9 ಸುಮಾರು 40. ಮನೆಯಲ್ಲಿ ಯೂನಿಟ್ಟಿಗೆ 17 ಸೆಂಟ್ ಅಂತ ಹಿಡಿದರೆ ಪಿಕಪ್ಪಿಗೆ ನೂರು ಮೈಲಿಗೆ ಸುಮಾರು 8 ಡಾಲರ್. ಗ್ಯಾಲನ್ನಿಗೆ 20 ಮೈಲಿ ಕೊಡುವ ಪೆಟ್ರೋಲ್ ಪಿಕಪ್ಪಿಗೆ, ಗ್ಯಾಲನ್ 3 ಡಾಲರ್ ಇದ್ದರೆ, 15 ಡಾಲರ್. ಇಲ್ಲಿವರೆಗೂ ಸಂತೋಷ. ಆದರೆ ದಾರಿಬದಿಯ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 50 ಸೆಂಟ್ ಕೊಟ್ಟರೆ ಅದೇ ನೂರು ಮೈಲಿಗೆ 24 ಡಾಲರ್. ಪೆಟ್ರೋಲಿಗಿಂತ ದುಬಾರಿ. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲ ಇಲ್ಲದ ಅಪಾರ್ಟ್‌ಮೆಂಟಿನ ಕುಟುಂಬ ಎಲೆಕ್ಟ್ರಿಕ್ ಪಿಕಪ್ ಕೊಂಡರೆ ಉಳಿತಾಯದ ಮಾತೇ ಇಲ್ಲ.

ಮಾಮೂಲಿ 120 ವೋಲ್ಟಿನ ಪ್ಲಗ್ಗಿಗೆ ಹಾಕಿಟ್ಟರೆ ರಾತ್ರಿಯಿಡೀ ಸೇರಿ 25 ಮೈಲಿಯಷ್ಟು ತುಂಬಬಹುದು. ಸಣ್ಣ ಎಲೆಕ್ಟ್ರಿಕ್ ಕಾರಿನವರು ಅದರಲ್ಲೇ ಸುಮ್ನೆ ಕಾಲ ತಳ್ಳುತ್ತಾರೆ. ಪಿಕಪ್ಪಿಗೆ ಅದು ಆಗದ ಮಾತು. 240 ವೋಲ್ಟಿನ ಚಾರ್ಜರ್ ಬೇಕು, ಎಲೆಕ್ಟ್ರಿಷಿಯನ್ ಬೇಕು, ಕೆಲವು ಹಳೆ ಮನೆಗಳಲ್ಲಿ ಮೇನ್ ಬೋರ್ಡೇ ಬದಲಾಯಿಸಬೇಕು. ಗಾಡಿಯ ಬೆಲೆಯ ಜೊತೆಗೆ ಆ ಖರ್ಚನ್ನೂ ಬರೆದುಕೊಳ್ಳಿ.

ಕರೆಂಟ್ ಹೋದ ರಾತ್ರಿ

ಎಲೆಕ್ಟ್ರಿಕ್ ಪಿಕಪ್ಪಿನ ಎರಡನೇ ದೊಡ್ಡ ಅನುಕೂಲ ಇದು, ನನ್ನ ಮಟ್ಟಿಗೆ ಮೊದಲನೆಯದು. ಮೇಲ್ದರ್ಜೆಯ ಲೈಟ್ನಿಂಗ್ 9.6 ಕಿಲೋವ್ಯಾಟ್ ಕರೆಂಟನ್ನು ಹೊರಗೆ ಕೊಡುತ್ತದೆ. ಬೆಡ್ಡಿನಲ್ಲಿ 240 ವೋಲ್ಟಿನ ಪ್ಲಗ್ಗೂ ಇದೆ. ಸೈಬರ್‌ಟ್ರಕ್ ಮನೆಗೆ 11.5 ಕಿಲೋವ್ಯಾಟ್ ವರೆಗೂ ಕೊಡಬಲ್ಲದು. ಅಮೆರಿಕದ ಸಾಧಾರಣ ಮನೆ ದಿನಕ್ಕೆ 30 ಯೂನಿಟ್ ಹತ್ತಿರ ಬಳಸುತ್ತದೆ. ತುಂಬಿದ 131 ಯೂನಿಟ್ ಬ್ಯಾಟರಿ ಇದ್ದರೆ ಮೂರು ದಿನ ಮನೆ ನಡೆಸಬಹುದು ಅಂತ ಫೋರ್ಡ್ ಹೇಳುತ್ತದೆ. ಬೇಕಾದ್ದಕ್ಕೆ ಮಾತ್ರ ಬಳಸಿದರೆ ಇನ್ನೂ ಜಾಸ್ತಿ.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಹಿಮಗಾಳಿ ಬೀಸಿ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಹೋಯಿತು. ಚಳಿಯಲ್ಲಿ ಜನ ಸತ್ತರು. ಬೆಚ್ಚಗಾಗಲು ಜನರೇಟರ್ ಹಚ್ಚಿ, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ, ವಿಷದ ಹೊಗೆ ಕುಡಿದು ಸತ್ತವರೂ ಇದ್ದರು. ಬ್ಯಾಟರಿಯ ಗಾಡಿ ಹೊಗೆ ಬಿಡುವುದಿಲ್ಲ. ಇನ್ಸುಲಿನ್ ಇಟ್ಟ ಫ್ರಿಜ್, ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡು ಮಲಗುವ ಹಿರಿಯರು, ಹಸುಗೂಸು, ಇವರಿರುವ ಮನೆಗೆ ಇದರ ಬೆಲೆ ಡಾಲರಿನಲ್ಲಿ ಕಟ್ಟುವಂಥದ್ದಲ್ಲ.

ಒಂದು ಎಚ್ಚರಿಕೆ ಇದೆ. ಗಾಡಿಯಿಂದ ಇಡೀ ಮನೆಯ ವೈರಿಂಗಿಗೆ ತಾನಾಗಿಯೇ ಕರೆಂಟ್ ಹರಿಯಲು ಬೇರೆ ಪೆಟ್ಟಿಗೆ, ಇನ್ವರ್ಟರ್, ಸ್ವಿಚ್ಚು ಹಾಕಿಸಬೇಕು. ಅದಕ್ಕೆ ಸಾವಿರಾರು ಡಾಲರ್ ಆಗುತ್ತದೆ. ಬಹಳ ಮನೆಗಳಿಗೆ ಅಷ್ಟು ಬೇಕಿಲ್ಲ. ಬೆಡ್ಡಿನ ಪ್ಲಗ್ಗಿನಿಂದ ದಪ್ಪ ಎಕ್ಸ್‌ಟೆನ್ಷನ್ ತಂತಿ ಎಳೆದು ಫ್ರಿಜ್, ಎರಡು ದೀಪ, ಒಂದು ಸಣ್ಣ ಹೀಟರ್ ನಡೆಸಿದರೆ ಸಾಕು. ಸೆಕೆಂಡ್ ಹ್ಯಾಂಡ್ ಲೈಟ್ನಿಂಗ್ ನೋಡುವಾಗ ಇದನ್ನು ಕೇಳಲೇಬೇಕು. ಕೆಳದರ್ಜೆಯ ಮಾದರಿಗಳಲ್ಲಿ ಬರೀ 2.4 ಕಿಲೋವ್ಯಾಟ್ ಪ್ಲಗ್ ಇರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ತೂಕ

ತೂಕದ ಮಾತಿಗೆ ಎರಡು ಮುಖ. ಮೊದಲನೆಯದು ನಿಮ್ಮ ಗಾಡಿ ಎಷ್ಟು ಹೊರಬಲ್ಲದು ಅನ್ನುವುದು. ಗಾಡಿ ದೊಡ್ಡದಾದರೆ ಹೊರೆಯೂ ಜಾಸ್ತಿ ಅಂತ ಅಂದುಕೊಳ್ಳುತ್ತೇವೆ. ಜಿಎಂಸಿ ಹಮ್ಮರ್ ಇವಿ ತಾನೇ 9,000 ಪೌಂಡ್‌ಗೂ ಜಾಸ್ತಿ ತೂಗುತ್ತದೆ, ಹೊರಬಲ್ಲದ್ದು ಮಾತ್ರ ಸುಮಾರು 1,300 ಪೌಂಡ್. ಐದು ಜನ, ಅವರ ಚೀಲಗಳು, ಒಂದು ನಾಯಿ ಸೇರಿದರೆ 1,000 ಪೌಂಡ್ ದಾಟುತ್ತದೆ. 6,000 ಪೌಂಡಿನ ಟ್ರೇಲರ್ ಕಟ್ಟಿದರೆ ಅದರ ಮೂತಿಯ ಭಾರವೇ 600 ಪೌಂಡ್ ಮೇಲೆ ಗಾಡಿಯ ಹಿಂಭಾಗಕ್ಕೆ ಬೀಳುತ್ತದೆ. ಲೆಕ್ಕ ಅಲ್ಲಿಗೇ ತಪ್ಪಿತು. ಜಾಹೀರಾತಿನಲ್ಲಿ ಎಳೆಯುವ ತೂಕ ದೊಡ್ಡ ಅಕ್ಷರದಲ್ಲಿರುತ್ತದೆ. ಹೊರುವ ತೂಕ ಚಾಲಕನ ಬಾಗಿಲು ತೆರೆದಾಗ ಕಾಣುವ ಹಳದಿ ಚೀಟಿಯಲ್ಲಿ ಇರುತ್ತದೆ. ಒಂದೇ ಮಾದರಿಯ ಎರಡು ಗಾಡಿಗಳಲ್ಲೂ ಅದು ಬೇರೆ ಬೇರೆ ಇರಬಹುದು. ಆ ಚೀಟಿ ಓದದೆ ಹಣ ಕೊಡಬೇಡಿ.

ಎರಡನೆಯ ಮುಖ ಎದುರಿಗೆ ಬರುವವರದ್ದು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ 2023ರ ಜನವರಿಯಲ್ಲೇ ಇದರ ಬಗ್ಗೆ ಬಹಿರಂಗವಾಗಿ ಎಚ್ಚರಿಸಿದರು. ಹಮ್ಮರ್ ಇವಿಯ ಬ್ಯಾಟರಿ ಒಂದೇ 2,900 ಪೌಂಡ್, ಅದು ಹೆಚ್ಚುಕಡಿಮೆ ಒಂದು ಇಡೀ ಹೋಂಡಾ ಸಿವಿಕ್ ಕಾರಿನ ತೂಕ. ನೆಬ್ರಾಸ್ಕ-ಲಿಂಕನ್ ವಿಶ್ವವಿದ್ಯಾಲಯದವರು ಸುಮಾರು 7,000 ಪೌಂಡಿನ ರಿವಿಯನ್ ಆರ್1ಟಿಯನ್ನು 60 ಮೈಲಿಯ ಆಸುಪಾಸಿನ ವೇಗದಲ್ಲಿ ಹೆದ್ದಾರಿಯ ಉಕ್ಕಿನ ತಡೆಬೇಲಿಗೆ ಗುದ್ದಿಸಿದರು. ಗಾಡಿ ಬೇಲಿಯನ್ನು ಹರಿದುಕೊಂಡು ಆಚೆ ಹೋಯಿತು. ಆ ಬೇಲಿಗಳು ಇಷ್ಟು ಭಾರದ, ಇಷ್ಟು ತಳಭಾರದ ಗಾಡಿಗಳಿಗೆ ಮಾಡಿದವಲ್ಲ.

ಎತ್ತರವೂ ಹಾಗೇ. ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್ಎಸ್ 2023ರಲ್ಲಿ ಹೇಳಿದ್ದು ಇದು: ಬಾನೆಟ್ 40 ಇಂಚಿಗಿಂತ ಎತ್ತರ ಇರುವ ಗಾಡಿ ಪಾದಚಾರಿಗೆ ಗುದ್ದಿದರೆ ಸಾವಾಗುವ ಸಂಭವ, 30 ಇಂಚು ಅಥವಾ ಅದಕ್ಕೂ ತಗ್ಗಿನ ಇಳಿಜಾರು ಬಾನೆಟ್ಟಿನ ಗಾಡಿಗಿಂತ ಸುಮಾರು 45 ಶೇಕಡಾ ಜಾಸ್ತಿ. ಪಿಕಪ್ಪಿನ ಮುಂದೆ ನಿಂತ ನಾಲ್ಕು ವರ್ಷದ ಮಗು ಚಾಲಕನ ಕಣ್ಣಿಗೆ ಬೀಳುವುದೇ ಕಷ್ಟ. ಮನೆಯ ಮುಂದಿನ ಅಂಗಳದಲ್ಲಿ ಗಾಡಿ ತೆಗೆಯುವಾಗ ಅಲ್ಲಿರುವುದು ಹೆಚ್ಚಾಗಿ ನಮ್ಮದೇ ಮಕ್ಕಳು. ಮನೆಮಂದಿಯ ಸುರಕ್ಷತೆಗೆ ಅಂತ ದೊಡ್ಡ ಗಾಡಿ ಕೊಳ್ಳುವವರು ಇದನ್ನು ಯೋಚಿಸಲೇಬೇಕು. 360 ಡಿಗ್ರಿ ಕ್ಯಾಮೆರಾ ಇಲ್ಲದ ಪಿಕಪ್ಪನ್ನು ಮಕ್ಕಳಿರುವ ಮನೆಗೆ ತರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಿಲ್ವರಾಡೊ, ಹಮ್ಮರ್‌ಗಳನ್ನು ಕುಟುಂಬದ ಗಾಡಿ ಅಂತ ನಾನು ಒಪ್ಪದಿರುವುದಕ್ಕೂ ಇದೇ ಕಾರಣ. ವರ್ಷಕ್ಕೆ ಕೆಲವೇ ಸಲ ಬೇಕಾಗುವ ದೂರಕ್ಕಾಗಿ ದಿನಾ ಅಷ್ಟು ತೂಕವನ್ನು ಶಾಲೆಯ ಬೀದಿಗೆ ತರುವುದು ಸರಿಯಲ್ಲ.

ಹಾಗಾದರೆ ಯಾವುದು?

ಇಬ್ಬರು ಚಿಕ್ಕ ಮಕ್ಕಳು, ಸ್ವಂತ ಗ್ಯಾರೇಜ್, ಕ್ಯಾಂಪಿಂಗ್ ಹುಚ್ಚು ಇದ್ದು ದೊಡ್ಡ ಟ್ರೇಲರ್ ಇಲ್ಲದಿದ್ದರೆ ಆರ್1ಟಿ. ಗಾತ್ರ ಒಗ್ಗುತ್ತದೆ, ಮುಚ್ಚಿಡುವ ಜಾಗ ಎಲ್ಲರಿಗಿಂತ ಚೆನ್ನ, 2022ರಲ್ಲೇ ಐಐಎಚ್ಎಸ್‌ನ ಟಾಪ್ ಸೇಫ್ಟಿ ಪಿಕ್ ಪ್ಲಸ್ ಅನ್ನುವ ಸುರಕ್ಷತಾ ಪ್ರಶಸ್ತಿ ಪಡೆದಿದೆ. ಹೊಸದು 70,000 ಡಾಲರಿನ ಆಸುಪಾಸಿನಿಂದ ಶುರು, ಅದೊಂದೇ ಕೊರತೆ. ಬೆಳೆದ ಮಕ್ಕಳು, ಎತ್ತರದ ಮಂದಿ, ಆಗಾಗ ಕರೆಂಟ್ ಹೋಗುವ ಊರು, ಹೊರಗೆ ನಿಲ್ಲಿಸಲು ಜಾಗ ಇದ್ದರೆ ಸೆಕೆಂಡ್ ಹ್ಯಾಂಡ್ ಲೈಟ್ನಿಂಗ್. ಇನ್ನು ಮುಂದೆ ಮಾಡುವುದಿಲ್ಲ ಅಂದ ಮಾತ್ರಕ್ಕೆ ಹೆದರಬೇಕಿಲ್ಲ. ಕ್ಯಾಬಿನ್, ಬಾಗಿಲು, ಬೆಡ್ಡಿನ ಬಹಳ ಭಾಗ ಮಾಮೂಲಿ ಎಫ್-150ಯದ್ದೇ ವಿನ್ಯಾಸ. ಬ್ಯಾಟರಿಗೆ ಎಂಟು ವರ್ಷ ಅಥವಾ ಒಂದು ಲಕ್ಷ ಮೈಲಿ ಗ್ಯಾರಂಟಿ ಇದೆ. ಟೆಸ್ಲಾ ಚಾರ್ಜರ್ ಬಳಸಲು ಅಡಾಪ್ಟರ್ ಜೊತೆಗಿದೆಯಾ ಕೇಳಿ. ಲೈಟ್ನಿಂಗ್‌ಗೂ ಆರ್1ಟಿಗೂ ಚಾರ್ಜಿಂಗ್ ಬಾಯಿ ಮುಂದಿನ ಎಡಬದಿಯಲ್ಲಿದೆ, ಟೆಸ್ಲಾದ ಹಳೆಯ ಚಾರ್ಜರುಗಳ ತಂತಿ ಗಿಡ್ಡ. ಕೆಲವು ಕಡೆ ಎರಡು ಜಾಗ ಆಕ್ರಮಿಸಿ ನಿಲ್ಲಿಸಬೇಕಾಗುತ್ತದೆ.

ಸೈಬರ್‌ಟ್ರಕ್ ನನ್ನ ಪಟ್ಟಿಯಲ್ಲಿ ಇಲ್ಲ. ಬಾಗಿಲಿನ ವಿಷಯ ಹೇಳಿದೆ. 2025ರ ಮಾರ್ಚ್‌ನಲ್ಲಿ ಹೊರಮೈಯ ಉಕ್ಕಿನ ಪಟ್ಟಿ ಕಳಚಿ ಬೀಳಬಹುದೆಂದು ಸುಮಾರು 46,000 ಗಾಡಿಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಬೇಕಾಯಿತು. ಮೂರು ಸಾಲು ಸೀಟು ಬೇಕಾದವರಿಗೆ ಪಿಕಪ್ ಬೇಡವೇ ಬೇಡ. ಇವಿ9 ಅಥವಾ ರಿವಿಯನ್‌ನದೇ ಆರ್1ಎಸ್ ನೋಡಿ. ವರ್ಷಕ್ಕೆ ಎರಡು ಸಲ ಮರದ ಹಲಗೆ ತರಬೇಕಿದ್ದರೆ ಒಂದು ದಿನದ ಮಟ್ಟಿಗೆ ಟ್ರಕ್ ಬಾಡಿಗೆಗೆ ಸಿಗುತ್ತದೆ.

ಕಾಯುವ ತಾಳ್ಮೆ ಇದ್ದವರಿಗೆ ಎರಡು ದಾರಿ ಇವೆ. ದೂರದವರೆಗೆ ಟ್ರೇಲರ್ ಎಳೆಯುವವರಿಗೆ ಎಂಜಿನ್ ಜೊತೆಗಿರುವ ಲೈಟ್ನಿಂಗ್ ಮತ್ತು ರ್‍ಯಾಮ್ ಬರಲಿವೆ. ಅವು ದಿನನಿತ್ಯ ಕರೆಂಟಿನಲ್ಲಿ ಓಡಿ, ದೂರದ ಪ್ರಯಾಣದಲ್ಲಿ ಪೆಟ್ರೋಲಿನಿಂದ ಬ್ಯಾಟರಿ ತುಂಬಿಸಿಕೊಳ್ಳುತ್ತವೆ. ಉಳಿದವರಿಗೆ ನನ್ನ ಕಣ್ಣಿರುವುದು ಚಿಕ್ಕ ಗಾಡಿಗಳ ಮೇಲೆ. ಸ್ಲೇಟ್ ಅನ್ನುವ ಹೊಸ ಕಂಪನಿಯ ಪುಟ್ಟ ಪಿಕಪ್ ಹದಿನಾಲ್ಕೂವರೆ ಅಡಿ ಉದ್ದ ಅಷ್ಟೇ, ಆದರೆ ಎರಡೇ ಸೀಟು. ಐದು ಸೀಟು ಬೇಕೆಂದರೆ ಬೇರೆ ಕಿಟ್ ಹಾಕಿಸಿ ಎಸ್‌ಯುವಿ ಮಾಡಿಕೊಳ್ಳಬೇಕು. ಫೋರ್ಡ್ 2025ರ ಆಗಸ್ಟ್‌ನಲ್ಲಿ ಹೇಳಿದ ಗಾಡಿ ಇನ್ನೂ ಹತ್ತಿರದ್ದು. ಲೂಯಿವಿಲ್ ಕಾರ್ಖಾನೆಯಲ್ಲಿ ಮಾಡುವ ನಾಲ್ಕು ಬಾಗಿಲಿನ ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಪಿಕಪ್, 2027ಕ್ಕೆ, ಸುಮಾರು 30,000 ಡಾಲರಿಗೆ. ಒಳಗೆ ಕೂರುವವರಿಗೆ ಟೊಯೊಟಾ ರಾವ್4ಗಿಂತ ಜಾಸ್ತಿ ಜಾಗ ಇರುತ್ತದೆ ಅಂತ ಕಂಪನಿ ಹೇಳಿದೆ. ಲೈಟ್ನಿಂಗ್‌ಗೂ ಮೊದಲು ಇಂಥದ್ದೇ ಒಂದು ಬೆಲೆ ಹೇಳಿದ್ದರು, ಹಾಗಾಗಿ ಅದು ಶೋರೂಮಿಗೆ ಬಂದು ಬೆಲೆಯ ಚೀಟಿ ಅಂಟಿಸುವವರೆಗೂ ಈಗಿರುವ ಗಾಡಿ ಮಾರಬೇಡಿ.